ಬ್ಲಾಗ್ ಎಲ್ಲಿ ಶುರು ಮಾಡೋದು? ಒಳಗೆ ಹೋಗೋ ಮುಂಚೆ ಹೊರಗೆ ಬರೋ ಬಾಗಿಲು ನೋಡಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರಿಗೂ, ಡೇಟಾ ಉಳಿಸೋಕೆ ಕೇಳೋದು ಬಿಟ್ಟು ಇದನ್ನ ಓದ್ತಿರೋರಿಗೂ ಸ್ವಾಗತ.

ಹೋದ ವಾರ ಬೀದರ್ ಹತ್ತಿರದ ಕಮಠಾಣದಿಂದ ಒಬ್ಬ ತಂಗಿ ವಾಯ್ಸ್ ಮೆಸೇಜ್ ಕಳಿಸಿದ್ದಳು. ಡಿಗ್ರಿ ಓದ್ತಿರೋ ಹುಡುಗಿ. ಅವಳು ಕೇಳಿದ್ದು ಇಷ್ಟೇ: "ಅಣ್ಣಾ, ನಮ್ಮೂರ ಬಗ್ಗೆ ಬ್ಲಾಗ್ ಬರೀಬೇಕಂತ ಮಾಡೀನಿ. ಪೈಸಾ ಹತ್ತಬಾರ್ದು, ಫೋನ್‌ದಾಗೇ ಆಗ್ಬೇಕು, ನಾಳಿಗಿ ಅಳಿಸಿ ಹೋಗಬಾರ್ದು. ಯಾವುದರಾಗ ಶುರು ಮಾಡ್ಲಿ, ಹೇಳ್ರಿ."

ಸಣ್ಣ ಉತ್ತರ ಮೊದಲೇ ಹೇಳಿಬಿಡ್ತೀನಿ. ಇವತ್ತು ಬ್ಲಾಗರ್‌ನಲ್ಲಿ ಶುರು ಮಾಡವ್ವ, ಮುಂದೆ ಕೈಯಲ್ಲಿ ನಾಲ್ಕು ಕಾಸು ಬಂದಾಗ ನಿನ್ನದೇ ಹೆಸರಿನ ವಿಳಾಸ ಕೊಂಡುಕೋ, ತಿಂಗಳಿಗೊಮ್ಮೆ ಎಲ್ಲದರ ಪ್ರತಿ ಇಳಿಸಿ ಇಟ್ಕೋ. ಯಾಕೆ ಹೀಗೆ ಅನ್ನೋದನ್ನ ಈಗ ಬಿಡಿಸಿ ಹೇಳ್ತೀನಿ. ಅವಳ ಮೂರು ಷರತ್ತಿನಲ್ಲಿ ಮೊದಲಿನ ಎರಡು ಸುಲಭ. ಕಷ್ಟ ಇರೋದು ಮೂರನೇದು.

ನಾನು ಕಳ್ಕೊಂಡಿದ್ದು

ಇದು ನನಗೆ ಪೆಟ್ಟು ತಿಂದು ಗೊತ್ತಾದ ಪಾಠ. ಕಾಲೇಜಲ್ಲಿದ್ದಾಗ ನಾನೂ ಒಂದು ಉಚಿತ ತಾಣದಲ್ಲಿ ಬರೀತಿದ್ದೆ. ಅದರ ಹೆಸರು ಬೇಡ. ನಮ್ಮ ಆಯಿ ಎಳ್ಳಮಾವಾಸ್ಯೆಗೆ ಭಜ್ಜಿ ಮಾಡೋದನ್ನ ಪಕ್ಕದಲ್ಲೇ ಕೂತು ನೋಡಿ ಬರೆದಿದ್ದೆ. ಯಾವ ಕಾಳು ಮೊದಲು ಬೇಯಬೇಕು, ಯಾವ ಸೊಪ್ಪು ಕೊನೆಗೆ, ಹೊಲಕ್ಕೆ ಬುತ್ತಿ ಕಟ್ಟೋ ಮುಂಚೆ ಏನೇನು ಶಾಸ್ತ್ರ, ಎಲ್ಲ ಅವಳ ಮಾತಲ್ಲೇ. ನಮ್ಮ ಕಡೆ ಕನ್ನಡದೊಳಗೆ ಉರ್ದು, ಮರಾಠಿ, ತೆಲುಗು ಎಲ್ಲಾ ಕೂಡಿರ್ತದಲ್ಲ, ಆ ಮಾತು ಪುಸ್ತಕದಲ್ಲಿ ಸಿಗೋದು ಕಡಿಮೆ.

ಆ ತಾಣ ಮುಚ್ಚಿಹೋಯ್ತು. ಮುಚ್ತೀವಿ ಅಂತ ಅವರು ಇಮೇಲ್ ಕಳಿಸಿದ್ದರು. ಆದರೆ ನಾನು ನೋಡೋದನ್ನೇ ಬಿಟ್ಟಿದ್ದ ಹಳೇ ಐಡಿಗೆ ಬಂದಿತ್ತು. ನಾನು ಕಣ್ಣು ಬಿಡೋಷ್ಟರಲ್ಲಿ ಅಲ್ಲಿ ಏನೂ ಇರಲಿಲ್ಲ. ನನ್ನ ಹತ್ತಿರ ಬೇರೆ ಪ್ರತಿಯೂ ಇರಲಿಲ್ಲ. ಇನ್ನೊಮ್ಮೆ ಕೇಳಿ ಬರೆಯೋಣ ಅಂದ್ರೆ ಆಯಿನೂ ಈಗಿಲ್ಲ.

ಇದು ನನ್ನೊಬ್ಬನ ಕತೆ ಅಲ್ಲ. ಲಕ್ಷಾಂತರ ಜನ ತಮ್ಮ ಮೊದಲ ವೆಬ್ ಪುಟ ಮಾಡಿದ್ದ ಜಿಯೊಸಿಟೀಸ್ 2009ರಲ್ಲಿ ಮುಚ್ಚಿತು. ಪೋಸ್ಟರಸ್ ಅನ್ನೋ ಬ್ಲಾಗ್ ತಾಣ 2013ರಲ್ಲಿ ಹೋಯ್ತು. ನಮ್ಮ ಅಣ್ಣಂದಿರು, ಅಕ್ಕಂದಿರು ಮುಳುಗಿಹೋಗಿದ್ದ ಆರ್ಕುಟ್ 2014ರಲ್ಲಿ, ಗೂಗಲ್ ಪ್ಲಸ್ 2019ರಲ್ಲಿ. 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧ ಆದಾಗ ಹಳ್ಳಿ ಹಳ್ಳಿಯ ಹುಡುಗರ ವಿಡಿಯೊಗಳು ಒಂದೇ ರಾತ್ರಿಗೆ ಕಣ್ಮರೆಯಾದವು. 'ಕೂ' ನೆನಪಿದೆಯಾ? ಬೆಂಗಳೂರಿನದ್ದು, ಮೊದಲು ಬಂದಿದ್ದೇ ಕನ್ನಡದಲ್ಲಿ. ಅದೂ 2024ರ ಜುಲೈನಲ್ಲಿ ಬಾಗಿಲು ಹಾಕ್ತೀವಿ ಅಂತ ಹೇಳ್ತು.

ಹಾಗಾಗಿ ದೊಡ್ಡ ಕಂಪನಿ, ನಮ್ಮದೇ ಕಂಪನಿ ಅನ್ನೋದ್ಯಾವುದೂ ಗ್ಯಾರಂಟಿ ಅಲ್ಲ. ತಾಣ ಚೆಂದ ಇದೆಯಾ, ಎಷ್ಟು ಜನ ಇದ್ದಾರೆ ಅಂತ ಆಮೇಲೆ ನೋಡೋಣ. ಮೊದಲು ಎರಡೇ ಪ್ರಶ್ನೆ ಕೇಳಿ. ಒಂದು, ನಾನು ಬರೆದಿದ್ದನ್ನೆಲ್ಲ ಒಟ್ಟಿಗೆ ಇಳಿಸಿಕೊಂಡು ಹೋಗಬಹುದಾ? ಎರಡು, ನನ್ನ ವಿಳಾಸ ನನ್ನ ಜೊತೆ ಬರ್ತದಾ?

ಯಾವುದರಲ್ಲಿ ಏನಿದೆ?

ಮೊದಲು ಬ್ಲಾಗರ್. 1999ರಲ್ಲಿ ಶುರುವಾಗಿದ್ದು, 2003ರಲ್ಲಿ ಗೂಗಲ್ ಕೊಂಡುಕೊಂಡಿತು. ನಿಮ್ಮ ಜಿಮೇಲ್ ಇದ್ರೆ ಸಾಕು, ಹತ್ತು ನಿಮಿಷದ ಕೆಲಸ. ಫೋನಿನ ಬ್ರೌಸರ್‌ನಲ್ಲೇ ಬರೀಬಹುದು. ದುಡ್ಡಿಲ್ಲ. ಶುರುವಲ್ಲಿ ಸಿಗೋ ವಿಳಾಸದ ಕೊನೆಗೆ 'ಬ್ಲಾಗ್‌ಸ್ಪಾಟ್' ಅಂತ ಇರ್ತದೆ. ಮುಂದೆ ಸ್ವಂತ ವಿಳಾಸ ಅಂದ್ರೆ ಡೊಮೇನ್ ಕೊಂಡ್ರೆ, ಅದನ್ನ ಜೋಡಿಸೋಕೆ ಬ್ಲಾಗರ್‌ಗೆ ಬೇರೆ ಕಾಸು ಕೊಡಬೇಕಿಲ್ಲ. ಕೊರತೆ ಏನು? ವಿನ್ಯಾಸ ಹಳೇದು, ಹೊಸ ಸೌಲಭ್ಯಗಳು ಬರೋದು ಅಪರೂಪ. ಎಲ್ಲಾ ಒಂದೇ ಗೂಗಲ್ ಖಾತೆಗೆ ಅಂಟಿಕೊಂಡಿರ್ತದೆ. ಎರಡು ವರ್ಷ ಬಳಸದೇ ಇರೋ ಖಾತೆಗಳನ್ನ ಅಳಿಸಬಹುದು ಅಂತ ಗೂಗಲ್ 2023ರಲ್ಲೇ ಹೇಳಿದೆ. ಬ್ಲಾಗ್‌ಗೆ ಅಂತ ಬೇರೆ ಜಿಮೇಲ್ ಮಾಡಿ ಆಮೇಲೆ ಮರೆತುಬಿಡೋರು ಇದನ್ನ ಗಮನಿಸಿ.

ಎರಡನೇದು ವರ್ಡ್‌ಪ್ರೆಸ್. ಇಲ್ಲಿ ತುಂಬಾ ಜನ ಗೊಂದಲ ಮಾಡ್ಕೋತಾರೆ, ಯಾಕಂದ್ರೆ ಈ ಹೆಸರಲ್ಲಿ ಎರಡು ಇವೆ. ವರ್ಡ್‌ಪ್ರೆಸ್ ಡಾಟ್ ಕಾಮ್ ಅನ್ನೋದು ಬಾಡಿಗೆ ಮನೆ ಇದ್ದಂಗೆ. ಕಂಪನಿಯೇ ಎಲ್ಲ ನೋಡ್ಕೊಳ್ತದೆ. ಉಚಿತ ಯೋಜನೆ ಇದೆ, ಫೋನಿಗೆ ಆ್ಯಪ್ ಇದೆ. ಆದರೆ ಉಚಿತದಲ್ಲಿ ನಿಮ್ಮ ಬರಹದ ಮಧ್ಯೆ ಅವರ ಜಾಹೀರಾತು ಬರ್ತದೆ, ಸ್ವಂತ ಡೊಮೇನ್ ಜೋಡಿಸೋಕೆ ದುಡ್ಡಿನ ಯೋಜನೆಗೇ ಹೋಗಬೇಕು. ವರ್ಡ್‌ಪ್ರೆಸ್ ಡಾಟ್ ಆರ್ಗ್ ಅನ್ನೋದು ಮುಕ್ತ ತಂತ್ರಾಂಶ, 2003ರಿಂದ ಇದೆ. ಅದು ಸ್ವಂತ ಜಾಗದಲ್ಲಿ ಸ್ವಂತ ಮನೆ ಕಟ್ಟಿದಂಗೆ. ಜಗತ್ತಿನ ಜಾಲತಾಣಗಳಲ್ಲಿ ಶೇ 40ಕ್ಕೂ ಹೆಚ್ಚು ಇದರ ಮೇಲೇ ನಡೀತಿವೆ. ತಂತ್ರಾಂಶ ಪುಕ್ಕಟೆ, ಆದರೆ ಅದನ್ನ ಇಡೋಕೆ ಹೋಸ್ಟಿಂಗ್ ಜಾಗ ನೀವೇ ಬಾಡಿಗೆಗೆ ತಗೋಬೇಕು. ಅಪ್‌ಡೇಟ್, ಸುರಕ್ಷತೆ ಎಲ್ಲ ನಿಮ್ಮ ತಲೆಮೇಲೆ. ಒಂದು ವರ್ಷ ದುಡ್ಡು ಕಟ್ಟಲಿಲ್ಲ ಅಂದ್ರೆ ತಾಣವೇ ಕಾಣಲ್ಲ. 'ಸ್ವಂತದ್ದು' ಅಂದಕೂಡಲೇ ಶಾಶ್ವತ ಅಂತಲ್ಲ, ಇದು ನೆನಪಿರಲಿ.

ಮೂರನೇದು ಮೀಡಿಯಮ್, 2012ರದ್ದು. ಬ್ಲಾಗರ್ ಕಟ್ಟಿದವರಲ್ಲಿ ಒಬ್ಬರಾದ ಇವಾನ್ ವಿಲಿಯಮ್ಸ್ ಅವರೇ ಇದನ್ನೂ ಶುರು ಮಾಡಿದ್ದು. ಬರೆಯೋಕೆ ತುಂಬಾ ಹಿತ. ಆದರೆ ಅಲ್ಲಿನ ಓದುಗರು ಹೆಚ್ಚಾಗಿ ಇಂಗ್ಲಿಷಿನವರು, ಕೆಲವು ಬರಹ ಸದಸ್ಯರಿಗೆ ಮಾತ್ರ ತೆರೆಯುತ್ತವೆ.

ನಾಲ್ಕನೇದು ಸಬ್‌ಸ್ಟ್ಯಾಕ್, 2017ರದ್ದು. ಬರೆದಿದ್ದು ನೇರ ಓದುಗರ ಇಮೇಲ್‌ಗೆ ಹೋಗ್ತದೆ. ಓದುಗರ ಇಮೇಲ್ ಪಟ್ಟಿಯನ್ನೇ ಇಳಿಸಿಕೊಂಡು ಬೇರೆ ಕಡೆ ಹೋಗಬಹುದು, ಇದು ದೊಡ್ಡ ಗುಣ. ಆದರೆ ಕಮಠಾಣದಲ್ಲಿ, ಔರಾದ್‌ನಲ್ಲಿ ನಿಮ್ಮ ಓದುಗರು ಇಮೇಲ್ ತೆರೀತಾರಾ, ವಾಟ್ಸ್‌ಆ್ಯಪ್ ತೆರೀತಾರಾ? ಉತ್ತರ ನಿಮಗೇ ಗೊತ್ತು.

ಕತೆ, ಧಾರಾವಾಹಿ ಬರೆಯೋರಿಗೆ ಬೆಂಗಳೂರಿನ ಪ್ರತಿಲಿಪಿ ಇದೆ. ಕನ್ನಡ ಓದುಗರು ಅಲ್ಲಿ ಮೊದಲೇ ಇದ್ದಾರೆ. ಆದರೆ ಅದು ಕತೆಗಳ ಜಾತ್ರೆ, ಊರಿನ ಬಗ್ಗೆ ದಾಖಲೆ ಇಡೋ ಜಾಗ ಅಲ್ಲ.

ಹಾಗಾದ್ರೆ ಫೇಸ್‌ಬುಕ್, ಇನ್‌ಸ್ಟಾಗ್ರಾಮ್? ಜನರನ್ನ ಕರೆಯೋಕೆ ಅವು ಬೇಕು. ಆದರೆ ಇವತ್ತು ಹಾಕಿದ ಪೋಸ್ಟನ್ನ ಎರಡು ವರ್ಷದ ಮೇಲೆ ನೀವೇ ಹುಡುಕೋದು ಕಷ್ಟ, ಗೂಗಲ್‌ನಲ್ಲಿ ಹುಡುಕೋ ಅಪರಿಚಿತರಿಗಂತೂ ಸಿಗೋದು ಅನುಮಾನ. ಕಮಠಾಣದ ಪಾರ್ಶ್ವನಾಥ ಬಸದಿ ಬಗ್ಗೆ ಯಾರಾದರೂ ಹುಡುಕಿದಾಗ ಊರಿನ ಹುಡುಗಿ ಬರೆದಿದ್ದು ಸಿಗಬೇಕು ಅಂದ್ರೆ, ಅದು ತೆರೆದ ವೆಬ್‌ನಲ್ಲಿ ಇರಬೇಕು. ಬರಹ ಬ್ಲಾಗಿನಲ್ಲಿರಲಿ, ಅದರ ಲಿಂಕ್ ಫೇಸ್‌ಬುಕ್‌ನಲ್ಲಿ ಇರಲಿ.

ವಿಳಾಸದ ಲೆಕ್ಕ

ಡೊಮೇನ್ ಅಂದ್ರೆ ಮೊಬೈಲ್ ನಂಬರ್ ಇದ್ದಂಗೆ. ಸಿಮ್ ಕಂಪನಿ ಬದಲಾಯಿಸಿದ್ರೂ ನಂಬರ್ ಅದೇ ಉಳೀತದಲ್ಲ, ಹಾಗೆ ಸ್ವಂತ ಡೊಮೇನ್ ಇದ್ರೆ ಬ್ಲಾಗರ್‌ನಿಂದ ವರ್ಡ್‌ಪ್ರೆಸ್‌ಗೆ ಹೋದ್ರೂ ಓದುಗರಿಗೆ ವಿಳಾಸ ಅದೇ. ಸಾಮಾನ್ಯ 'ಡಾಟ್ ಇನ್' ವಿಳಾಸಕ್ಕೆ ವರ್ಷಕ್ಕೆ ಸಾವಿರ ರೂಪಾಯಿ ಆಚೀಚೆ ಇಟ್ಕೊಳ್ಳಿ. ಒಂದು ಎಚ್ಚರಿಕೆ: ಮೊದಲ ವರ್ಷ ತೀರಾ ಅಗ್ಗಕ್ಕೆ ಕೊಟ್ಟು ಎರಡನೇ ವರ್ಷ ಜಾಸ್ತಿ ತಗೋಳೋದು ಈ ವ್ಯಾಪಾರದ ರೂಢಿ. ಕೊಳ್ಳುವಾಗ ನವೀಕರಣದ ದರ ಎಷ್ಟು ಅಂತಲೇ ನೋಡಿ. ಅದನ್ನ ಅಂಗಡಿಯವನ ಹೆಸರಲ್ಲಿ ಅಲ್ಲ, ನಿಮ್ಮ ಹೆಸರು, ನಿಮ್ಮ ಇಮೇಲ್‌ನಲ್ಲೇ ನೋಂದಾಯಿಸಿ.

ಮೊದಲ ದಿನವೇ ಡೊಮೇನ್ ಬೇಡ. ಹತ್ತು ಬರಹ ಆಗಲಿ. ಹತ್ತು ಬರೆದ ಮೇಲೂ ಹುಮ್ಮಸ್ಸು ಇದ್ರೆ ಆಗ ಕೊಂಡುಕೊಳ್ಳಿ. 'ಅವಧಿ' ಓದ್ತೀರಲ್ಲ, ಅದೂ ವರ್ಡ್‌ಪ್ರೆಸ್‌ನ ಉಚಿತ ವಿಳಾಸದಲ್ಲಿ ಬ್ಲಾಗ್ ಆಗಿ ಶುರುವಾಗಿ, ಆಮೇಲೆ ಸ್ವಂತ ಹೆಸರಿನ ತಾಣಕ್ಕೆ ಹೋಗಿದ್ದು.

ಕನ್ನಡದಲ್ಲಿ ಬರೆಯೋರಿಗೆ ಎರಡು ಮಾತು

ಒಂದು, ಯೂನಿಕೋಡ್. ಯು.ಬಿ. ಪವನಜ ಅವರು 1996ರಲ್ಲಿ 'ವಿಶ್ವಕನ್ನಡ' ಶುರು ಮಾಡಿದಾಗ ಪರಿಸ್ಥಿತಿ ಬೇರೆ ಇತ್ತು. ಆ ಕಾಲದ ಕನ್ನಡ ಪುಟಗಳನ್ನ ಓದೋಕೆ ಅದಕ್ಕೆ ತಕ್ಕ ಫಾಂಟ್ ಕಂಪ್ಯೂಟರ್‌ನಲ್ಲಿ ಇರಬೇಕಿತ್ತು. ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಇವತ್ತು ಫೋನ್ ಕೀಬೋರ್ಡ್‌ನಲ್ಲಿ ಟೈಪ್ ಮಾಡೋದೆಲ್ಲ ಯೂನಿಕೋಡೇ, ಎಲ್ಲಾ ಕಡೆ ಕಾಣ್ತದೆ. ಆದರೆ ಡಿಟಿಪಿ ಅಂಗಡಿಯಲ್ಲಿ ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿಸಿದ್ದನ್ನ ಹಾಗೇ ಅಂಟಿಸಬೇಡಿ. ಯೂನಿಕೋಡ್‌ಗೆ ಪರಿವರ್ತಿಸಿ ಹಾಕಿ, ಇಲ್ಲ ಅಂದ್ರೆ ಓದೋಕೂ ಬರಲ್ಲ, ಹುಡುಕಿದ್ರೂ ಸಿಗಲ್ಲ.

ಎರಡು, ಲಿಂಕ್. ವರ್ಡ್‌ಪ್ರೆಸ್‌ನಲ್ಲಿ ಕನ್ನಡ ಶೀರ್ಷಿಕೆ ಕೊಟ್ರೆ ಲಿಂಕೂ ಕನ್ನಡದಲ್ಲೇ ಆಗ್ತದೆ. ಅದನ್ನ ನಕಲು ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕಿದ್ರೆ ಎಷ್ಟೋ ಸಲ ಶೇಕಡಾ ಚಿಹ್ನೆ, ಅಂಕಿ ತುಂಬಿದ ಉದ್ದನೆ ಬಾಲ ಬರ್ತದೆ. ನೋಡಿದವರು ಏನೋ ಮೋಸದ ಲಿಂಕ್ ಅಂತ ಮುಟ್ಟೋದೇ ಇಲ್ಲ. ಬ್ಲಾಗರ್‌ನಲ್ಲಿ ಉಲ್ಟಾ: ಕನ್ನಡ ಅಕ್ಷರ ಬಿಟ್ಟುಬಿಟ್ಟು 'ಬ್ಲಾಗ್ ಪೋಸ್ಟ್' ಅಂತ ಹೆಸರಿಲ್ಲದ ಲಿಂಕ್ ಕೊಡ್ತದೆ. ಎರಡಕ್ಕೂ ಮದ್ದು ಒಂದೇ. ಪ್ರಕಟಿಸೋ ಮುಂಚೆ ಪರ್ಮಾಲಿಂಕ್ ಅನ್ನೋ ಜಾಗದಲ್ಲಿ 'ಕಮಠಾಣ ಬಸದಿ' ಅಂತ ಇಂಗ್ಲಿಷ್ ಅಕ್ಷರದಲ್ಲಿ ನೀವೇ ಬರೀರಿ. ಶೀರ್ಷಿಕೆ ಕನ್ನಡದಲ್ಲೇ ಇರಲಿ.

ಹಂಗೇ ಇನ್ನೊಂದು. ಧ್ವನಿ ಟೈಪಿಂಗ್ ಬಳಸಿ, ಬೆರಳಿನ ಕಷ್ಟ ತಪ್ತದೆ. ಆದರೆ 'ಬರ್ತದ', 'ಹೋಗ್ತದ' ಅಂದದ್ದನ್ನ ಅದು 'ಬರುತ್ತದೆ', 'ಹೋಗುತ್ತದೆ' ಅಂತ ತಿದ್ದಿಬಿಟ್ರೆ ವಾಪಸ್ ನಮ್ಮ ಮಾತಿಗೆ ತನ್ನಿ. ನಮ್ಮ ಬೀದರ್ ಮಾತು ಉಳೀಲಿ ಅಂತಲೇ ಅಲ್ವಾ ಬರೀತಿರೋದು?

ತಿಂಗಳಿಗೊಮ್ಮೆ ಹತ್ತು ನಿಮಿಷ

ಬ್ಲಾಗರ್ ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್, ವರ್ಡ್‌ಪ್ರೆಸ್‌ನಲ್ಲಿ ಎಕ್ಸ್‌ಪೋರ್ಟ್ ಅನ್ನೋ ಆಯ್ಕೆ ಇದೆ. ಒತ್ತಿದ್ರೆ ಎಲ್ಲ ಬರಹ ಒಂದು ಕಡತವಾಗಿ ಸಿಗ್ತದೆ. ಸಾಮಾನ್ಯವಾಗಿ ಆ ಕಡತದಲ್ಲಿ ಫೋಟೊ ಇರಲ್ಲ, ಫೋಟೊದ ಲಿಂಕ್ ಮಾತ್ರ ಇರ್ತದೆ. ಹಾಗಾಗಿ ಫೋಟೊಗಳನ್ನ ಬೇರೆ ಫೋಲ್ಡರ್‌ನಲ್ಲಿ ಇಡಿ. ಒಂದು ಪ್ರತಿ ಫೋನ್‌ನಲ್ಲಿ, ಇನ್ನೊಂದು ಪೆನ್‌ಡ್ರೈವ್‌ನಲ್ಲೋ ಗೆಳತಿಯ ಲ್ಯಾಪ್‌ಟಾಪ್‌ನಲ್ಲೋ ಇರಲಿ. ಫೋನ್ ನೀರಿಗೆ ಬಿದ್ರೂ ಬರಹ ಉಳೀಬೇಕು. ಖಾತೆಗೆ ಎರಡು ಹಂತದ ಭದ್ರತೆ ಹಾಕಿ, ಬದಲಿ ಇಮೇಲ್ ಕೊಡಿ, ಆ ಇಮೇಲ್ ಆಗಾಗ ತೆರೆದು ನೋಡಿ. ನಾನು ಜಾರಿದ್ದು ಇಲ್ಲೇ.

ಇಷ್ಟೆಲ್ಲ ಕೇಳಿ, "ಇನ್ನೊಬ್ಬರ ಕಂಪನಿಯಲ್ಲಿ ನಮ್ಮ ಕನ್ನಡ ಯಾಕಿಡಬೇಕು?" ಅಂತ ಕೆಲವರಿಗೆ ಅನ್ನಿಸಬಹುದು. ನಮ್ಮ ಭಾಲ್ಕಿಯ ಚನ್ನಬಸವ ಪಟ್ಟದ್ದೇವರನ್ನ ನೆನೆಸ್ಕೊಳ್ಳಿ. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದವರು ಅವರು. ಸಿಕ್ಕ ಜಾಗದಲ್ಲೇ ಕೆಲಸ ಶುರು ಮಾಡಿದರು. ನೀವೂ ಸಿಕ್ಕ ಜಾಗದಲ್ಲೇ ಶುರು ಮಾಡಿ, ಪ್ರತಿ ಮಾತ್ರ ನಿಮ್ಮ ಕೈಯಲ್ಲಿರಲಿ.

ಕಮಠಾಣದ ತಂಗಿಗೆ ಒಂದು ಕೆಲಸ ಹೇಳ್ತೀನಿ. ಈ ವಾರ ಬ್ಲಾಗರ್ ತೆರೆದು ಒಂದೇ ಒಂದು ಬರಹ ಹಾಕು. ಬಸದಿ ಬಗ್ಗೆ ಬೇಕಾದ್ರೆ ಆಮೇಲೆ ಬರಿ, ಅದು ಎಲ್ಲಿಗೂ ಹೋಗಲ್ಲ. ಮೊದಲು ಮನೆಯಲ್ಲಿರೋ ಹಿರಿಯರ ಹತ್ತಿರ ಕೂತು ಅವರು ಹೇಳಿದ್ದನ್ನ ಬರಿ. ಪ್ರಕಟಿಸಿದ ದಿನವೇ ಬ್ಯಾಕಪ್ ಒತ್ತಿ, ಆಮೇಲೆ ನನಗೆ ಲಿಂಕ್ ಕಳಿಸು. ಎಳ್ಳಮಾವಾಸ್ಯೆ ಭಜ್ಜಿಗೆ ನಿಮ್ಮನೆಯಲ್ಲಿ ಯಾವ ಕಾಳು ಮೊದಲು ಹಾಕ್ತಾರೆ ಅಂತ ಬರೆದ್ರೆ ಇನ್ನೂ ಛಲೋ, ನನಗದು ಬೇಕಾಗಿದೆ.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.