ಜ್ಯಾಕ್ ಪಿಯರ್ಸನ ಬಣ್ಣದ ಮನೆ

ಮೇರಿ ಶೆಲ್ಲಿಯು 1818ರಲ್ಲಿ ಪ್ರಕಟಿಸಿದ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿಯನ್ನು ಓದದವರಿಗೂ ಅದರಲ್ಲಿ ಬರುವ ವಿಕೃತಜೀವಿಯ ಮುಖ ಚಿರಪರಿಚಿತವಾಗಿದೆ: ಚಪ್ಪಟೆಯಾದ ನೆತ್ತಿ, ಮುಂಚಾಚಿದ ಹುಬ್ಬು, ಹಣೆಯ ಮೇಲಿನ ಗಾಯ, ಜೋತುಬಿದ್ದ ರೆಪ್ಪೆ, ಕತ್ತಿನ ಎರಡು ಪಕ್ಕಕ್ಕೂ ಲೋಹದ ಮೊಳೆ. ಆದರೆ ಕಾದಂಬರಿಯಲ್ಲಿ ಚಪ್ಪಟೆ ನೆತ್ತಿಯೂ ಇಲ್ಲ, ಮೊಳೆಯೂ ಇಲ್ಲ. ಅಲ್ಲಿರುವುದು ಹಳದಿ ತಿರುಗಿದ ಚರ್ಮ, ನೀಳವಾದ ಕಪ್ಪು ಕೂದಲು. ಇಂದು ಲೋಕವೆಲ್ಲ ಬಲ್ಲ ಆ ಮುಖ ರೂಪುಗೊಂಡದ್ದು 1931ರಲ್ಲಿ, ಆ ಕಾದಂಬರಿಯನ್ನಾಧರಿಸಿದ ಚಲನಚಿತ್ರಕ್ಕಾಗಿ, ಕ್ಯಾಲಿಫೋರ್ನಿಯದ ಯೂನಿವರ್ಸಲ್ ಸ್ಟುಡಿಯೋದ ಬಣ್ಣದ ಮನೆಯಲ್ಲಿ, ಜ್ಯಾಕ್ ಪಿಯರ್ಸ್ ಎಂಬ ಪ್ರಸಾಧಕನ ಕೈಯಿಂದ.

1889ರಲ್ಲಿ ಗ್ರೀಸ್ ದೇಶದಲ್ಲಿ ಜನಿಸಿ, ಅಮೆರಿಕಕ್ಕೆ ವಲಸೆ ಬಂದು, ಬೇಸ್‌ಬಾಲ್ ಆಟಗಾರನಾಗುವ ಹಂಬಲ ಕೈಗೂಡದೆ, ಚಿತ್ರಮಂದಿರಗಳಲ್ಲಿಯೂ ಸ್ಟುಡಿಯೋಗಳಲ್ಲಿಯೂ ದೊರೆತ ಕೆಲಸವನ್ನೆಲ್ಲ ಮಾಡುತ್ತ ಬಂದ ಪಿಯರ್ಸನು, ‘ದಿ ಮಂಕಿ ಟಾಕ್ಸ್’ ಚಿತ್ರದಲ್ಲಿ ನಟನೊಬ್ಬನನ್ನು ವಾನರನನ್ನಾಗಿ ಮಾರ್ಪಡಿಸಿ ಹೆಸರಾದನು. ಅನಂತರ ಯೂನಿವರ್ಸಲ್ ಅವನನ್ನು ಬರಮಾಡಿಕೊಂಡಿತು. 1928ರ ‘ದಿ ಮ್ಯಾನ್ ಹೂ ಲಾಫ್ಸ್’ ಚಿತ್ರದಲ್ಲಿ ಕಾನ್ರಾಡ್ ಫೈಟನ ತುಟಿಗಳ ಮೇಲೆ ಅವನು ನಿಲ್ಲಿಸಿದ ಮಾಯದ ನಗೆ, ಕಂಡವರ ಕರುಳನ್ನು ಹಿಂಡುವಂಥದು.

ವಿಕಾರವನ್ನು ಬಾಹ್ಯಾಡಂಬರವಾಗಿ ಮೆತ್ತದೆ, ಅದಕ್ಕೊಂದು ಕಾರಣವನ್ನು ಅರಸಿ ಕಂಡುಕೊಂಡದ್ದೇ ಪಿಯರ್ಸನ ವೈಶಿಷ್ಟ್ಯ. ಅಂಗರಚನಾಶಾಸ್ತ್ರವನ್ನೂ ಶಸ್ತ್ರಚಿಕಿತ್ಸೆಯ ವಿಧಾನಗಳನ್ನೂ ಅವನು ವ್ಯಾಸಂಗಮಾಡಿದನು. ಕಾದಂಬರಿಯ ವಿಕೃತಜೀವಿಯನ್ನು ಸೃಷ್ಟಿಸಿದ ಫ್ರಾಂಕೆನ್‌ಸ್ಟೈನನು ವಿಜ್ಞಾನಿಯೇ ಹೊರತು ನುರಿತ ಶಸ್ತ್ರವೈದ್ಯನಲ್ಲ. ಆದಕಾರಣ ಮೆದುಳನ್ನಿರಿಸಲು ಅವನು ಸುಲಭವಾದ ದಾರಿಯನ್ನೇ ಹಿಡಿದು, ತಲೆಬುರುಡೆಯನ್ನು ಗಡಿಗೆಯ ಮುಚ್ಚಳದಂತೆ ನೇರವಾಗಿ ಕತ್ತರಿಸಿ ಮತ್ತೆ ಬಿಗಿದಿರಬೇಕು ಎಂಬುದು ಪಿಯರ್ಸನ ತರ್ಕ. ಚಪ್ಪಟೆ ನೆತ್ತಿ ಹುಟ್ಟಿದ್ದು ಈ ತರ್ಕದಿಂದ. ಕತ್ತಿನ ಮೊಳೆಗಳು ವಿದ್ಯುತ್ತು ಹರಿಯುವುದಕ್ಕೆ.

ದಿನವೂ ಸುಮಾರು ನಾಲ್ಕು ಗಂಟೆಗಳ ಕಾಲ ಆ ಜೀವಿಯ ಪಾತ್ರವನ್ನು ವಹಿಸಿದ ನಟ ಬೋರಿಸ್ ಕಾರ್ಲಾಫನು ಪಿಯರ್ಸನೆದುರು ಕುಳಿತಿರಬೇಕಾಗಿತ್ತು. ಅರಳೆಯ ಪದರ, ಅದರ ಮೇಲೆ ಈಥರಿನ ಘಾಟು ಸೂಸುವ ಕೊಲೋಡಿಯನ್ ದ್ರವ, ಒಣಗಿದ ಬಳಿಕ ಮತ್ತೊಂದು ಪದರ: ಹೀಗೆ ಹಣೆ ಏಳುತ್ತಿತ್ತು. ಕಪ್ಪುಬಿಳುಪಿನ ಚಿತ್ರದಲ್ಲಿ ಹೆಣದ ಬಿಳಚು ಕಾಣುವಂತೆ ಹಸುರು ಬೆರೆತ ಬೂದುಬಣ್ಣವನ್ನು ಪಿಯರ್ಸನು ಬಳಿಯುತ್ತಿದ್ದನು. ರೆಪ್ಪೆಗಳಿಗೆ ಮೇಣವನ್ನು ಹಚ್ಚಬೇಕೆಂಬ ಸಲಹೆ ಕಾರ್ಲಾಫನದೇ. ಅವನು ತನ್ನ ಕಟ್ಟಿಸಿದ ಹಲ್ಲುಗಳನ್ನು ತೆಗೆದಿರಿಸಿದ್ದರಿಂದ ಒಂದು ಕೆನ್ನೆ ಗುಳಿಬಿದ್ದಿತು. ಇಷ್ಟೆಲ್ಲ ಲೇಪನವಿದ್ದರೂ ನಟನ ಕಣ್ಣೂ ಬಾಯಿಯೂ ನಿರ್ಬಂಧವಿಲ್ಲದೆ ಉಳಿದುವು. ಆ ಜೀವಿಯ ದೈನ್ಯ ಪ್ರೇಕ್ಷಕನನ್ನು ಮುಟ್ಟಿದ್ದು ಆ ದ್ವಾರಗಳಿಂದಲೇ. 1932ರ ‘ದಿ ಮಮ್ಮಿ’ಗಾಗಿ ಇದೇ ನಟನಿಗೆ ನಾರುಬಟ್ಟೆಯ ಪಟ್ಟಿಗಳನ್ನು ಸುತ್ತಿ, ಕೂದಲಿಗೆ ಜೇಡಿಮಣ್ಣನ್ನು ಬಳಿದು ಸಿದ್ಧಗೊಳಿಸಲು ಎಂಟು ಗಂಟೆಗಳಷ್ಟು ಹಿಡಿಯಿತು, ಆ ರೂಪ ತೆರೆಯ ಮೇಲೆ ಕಾಣಿಸುವುದೋ ಸ್ವಲ್ಪವೇ ಹೊತ್ತು.

1941ರ ‘ದಿ ವುಲ್ಫ್ ಮ್ಯಾನ್’ ಚಿತ್ರದಲ್ಲಿ ಲಾನ್ ಚೇನಿ ಜೂನಿಯರನ ಮುಖಕ್ಕೆ ಚಮರೀಮೃಗದ ಕೂದಲನ್ನು ಅಂಟಿಸಿ ತೋಳ-ಮಾನವನನ್ನು ನಿರ್ಮಿಸಿದ್ದೂ ಇವನೇ. ಆದರೆ ಸ್ಟುಡಿಯೋ ಯುಗದ ಪ್ರಸಾಧಕನು ಎಷ್ಟೇ ಪ್ರತಿಭಾಶಾಲಿಯಾದರೂ ಸಂಬಳದ ನೌಕರನಷ್ಟೆ. ಅಚ್ಚಿನಲ್ಲಿ ಎರಕಹೊಯ್ದ ರಬ್ಬರ್ ಮುಖಭಾಗಗಳು ಬಳಕೆಗೆ ಬಂದು, ಪ್ರತಿದಿನವೂ ಹೊಸದಾಗಿ ಕಟ್ಟುವ ಅವನ ವಿಧಾನ ನಿಧಾನವೆನಿಸಿತು. 1946ರಲ್ಲಿ ಯೂನಿವರ್ಸಲ್ ಮತ್ತೊಂದು ಸಂಸ್ಥೆಯೊಡನೆ ವಿಲೀನವಾದ ಮೇಲೆ ಅವನ ಸ್ಥಾನ ಬಡ್ ವೆಸ್ಟ್‌ಮೋರನ ಪಾಲಾಯಿತು. ಮುಂದೆ ಸಣ್ಣ ಚಿತ್ರಗಳಲ್ಲಿಯೂ, ‘ಮಿಸ್ಟರ್ ಎಡ್’ ಎಂಬ ದೂರದರ್ಶನ ಮಾಲಿಕೆಯಲ್ಲಿಯೂ ದುಡಿದು ಪಿಯರ್ಸನು 1968ರಲ್ಲಿ ತೀರಿಕೊಂಡನು.

ಪ್ರಸಾಧನಕ್ಕೆಂದೇ ವಾರ್ಷಿಕ ಆಸ್ಕರ್ ಪ್ರಶಸ್ತಿ ಏರ್ಪಟ್ಟದ್ದು 1981ರ ಚಿತ್ರಗಳಿಂದ. ಮೊದಲ ಪ್ರಶಸ್ತಿ ರಿಕ್ ಬೇಕರನಿಗೆ ಸಂದದ್ದು ಮತ್ತೊಂದು ತೋಳ-ಮಾನವನ ಚಿತ್ರಕ್ಕೆ. ಆ ಗೌರವದಲ್ಲಿ ಪಿಯರ್ಸನಿಗೂ ನ್ಯಾಯವಾಗಿ ಒಂದು ಭಾಗವಿದೆ. ಅರಳೆ, ಅಂಟು, ಕೂದಲುಗಳಿಂದ ಅವನು ಕಟ್ಟಿದುದನ್ನು ಅಂದಂದೇ ಕಳಚಿಹಾಕುತ್ತಿದ್ದರು. ಆದರೆ ಮೂಲ ಕಾದಂಬರಿಯ ವರ್ಣನೆಯನ್ನೇ ಹಿಂದಿಕ್ಕಿ, ಒಂದು ಪಾತ್ರಕ್ಕೆ ಶಾಶ್ವತವಾದ ಮುಖವನ್ನು ಕೊಟ್ಟವನನ್ನು ಚಲನಚಿತ್ರಕಲೆಯನ್ನು ರೂಪಿಸಿದವರ ಸಾಲಿನಲ್ಲಿಯೇ ಎಣಿಸುವುದು ಉಚಿತ.