ತಮ್ಮನ ಕಾಲಿಗೆ ಶಕ್ತಿ ಯಾಕಿಲ್ಲ?



ನನ್ನ ಚಿಕ್ಕಮ್ಮನ ಮಗನಿಗೆ ಐದು ವರ್ಷ. ಕೂರುತ್ತಾನೆ, ಆದರೆ ನಿಲ್ಲೋಕೆ ನಡೆಯೋಕೆ ಆಗಲ್ಲ. ಬಸುರಿಯಾಗಿದ್ದಾಗ ಚಿಕ್ಕಮ್ಮ ಗ್ರಹಣ ನೋಡಿದ್ದಕ್ಕೆ ಹೀಗಾಯ್ತು ಅಂತ ಊರಲ್ಲಿ ಕೆಲವರು ಹೇಳ್ತಾರೆ. ಅದನ್ನು ಕೇಳಿ ಚಿಕ್ಕಮ್ಮ ಅಳ್ತಾರೆ. ಡಾಕ್ಟರು ಹೇಳಿದ್ದೇ ಬೇರೆ. ಅದನ್ನು ವಿಜ್ಞಾನದ ಮೇಷ್ಟ್ರ ಹತ್ತಿರ ಕೇಳಿ ತಿಳಿದು, ಚಿಕ್ಕಮ್ಮನ ಒಪ್ಪಿಗೆ ಪಡೆದು ಬರೆದಿದ್ದೇನೆ.

ರೋಗ ಯಾವುದು?

ಇದರ ಹೆಸರು ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ. ಚಿಕ್ಕದಾಗಿ ಎಸ್‌ಎಂಎ. ನಾವು ನಡೆಯಬೇಕಾದರೆ ಮೆದುಳಿನ ಅಪ್ಪಣೆ ಬೆನ್ನಿನಲ್ಲಿರುವ ಮೆದುಳುಬಳ್ಳಿಗೆ ಬರುತ್ತದೆ. ಅಲ್ಲಿಂದ ಮೋಟಾರ್ ನ್ಯೂರಾನ್ ಎಂಬ ನರಕೋಶಗಳು ಅದನ್ನು ಸ್ನಾಯುಗಳಿಗೆ ಮುಟ್ಟಿಸುತ್ತವೆ. ಈ ರೋಗದಲ್ಲಿ ಆ ನರಕೋಶಗಳು ಸಾಯುತ್ತಾ ಹೋಗುತ್ತವೆ. ವೈರು ಕಡಿದರೆ ಬಲ್ಬು ಚೆನ್ನಾಗಿದ್ದರೂ ಉರಿಯಲ್ಲ, ಹಾಗೆ. ಅಪ್ಪಣೆ ಬಾರದ ಸ್ನಾಯು ಸೊರಗುತ್ತದೆ. ಬುದ್ಧಿಗೆ ಏನೂ ಆಗುವುದಿಲ್ಲ. ನನ್ನ ತಮ್ಮ ನೂರರವರೆಗೆ ಎಣಿಸುತ್ತಾನೆ.

ಕಾರಣ ಏನು?

ನಮ್ಮ ಜೀವಕೋಶದಲ್ಲಿ 23 ಜೊತೆ ವರ್ಣತಂತುಗಳಿವೆ. 5ನೇ ವರ್ಣತಂತುವಿನಲ್ಲಿ ಎಸ್‌ಎಂಎನ್1 ಎಂಬ ಜೀನ್ ಇದೆ. ಮೋಟಾರ್ ನ್ಯೂರಾನ್ ಬದುಕಲು ಬೇಕಾದ ಪ್ರೋಟೀನನ್ನು ಅದು ಮಾಡಿಸುತ್ತದೆ. ಈ ಜೀನ್ ಕೆಟ್ಟರೆ ಎಸ್‌ಎಂಎ ಬರುತ್ತದೆ ಎಂದು 1995ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಕಂಡುಹಿಡಿದರು.

ಈ ಜೀನ್ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರುತ್ತದೆ. ಒಂದು ಕೆಟ್ಟಿದ್ದರೂ ಇನ್ನೊಂದು ಸಾಕು, ರೋಗ ಬರಲ್ಲ. ಎರಡೂ ಕೆಟ್ಟಿದ್ದರೆ ಬರುತ್ತದೆ. ಚಿಕ್ಕಪ್ಪ ಚಿಕ್ಕಮ್ಮ ಇಬ್ಬರಲ್ಲೂ ಒಂದು ಒಳ್ಳೆಯದು, ಒಂದು ಕೆಟ್ಟಿದ್ದು ಇದೆ ಎಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಯಿತು. ಅದಕ್ಕೇ ಅವರಿಬ್ಬರೂ ಗಟ್ಟಿಮುಟ್ಟಾಗಿದ್ದಾರೆ.

ಹುಣಸೆ ಬೀಜದ ಪ್ರಯೋಗ

ಚೌಕಾಬಾರ ಆಡಲು ಒಂದು ಬದಿ ಉಜ್ಜಿದ ಎರಡು ಹುಣಸೆ ಬೀಜ ತಗೊಳ್ಳಿ. ಒಂದು ಅಪ್ಪಂದು, ಒಂದು ಅಮ್ಮಂದು. ಕಪ್ಪು ಬಿದ್ದರೆ ಒಳ್ಳೆಯ ಜೀನ್, ಬಿಳಿ ಬಿದ್ದರೆ ಕೆಟ್ಟಿದ್ದು. ನಾನೂ ಅಕ್ಕನೂ 40 ಸಲ ಹಾಕಿದೆವು. ಎರಡೂ ಬಿಳಿ ಬಿದ್ದಿದ್ದು 11 ಸಲ. ಲೆಕ್ಕದ ಪ್ರಕಾರ 4ರಲ್ಲಿ 1. ಪ್ರತಿ ಮಗುವಿಗೂ ಹೊಸದಾಗಿ ಬೀಜ ಹಾಕಿದಂತೆ. ಒಂದು ಮಗುವಿಗೆ ಬಂತು, ಇನ್ನು ಬರಲ್ಲ ಅನ್ನೋ ಹಾಗಿಲ್ಲ.

ಹತ್ತಿರದ ನೆಂಟರಲ್ಲೇ ಮದುವೆಯಾದರೆ ಇಬ್ಬರಲ್ಲೂ ಒಂದೇ ಕೆಟ್ಟ ಜೀನ್ ಇರುವ ಸಂಭವ ಹೆಚ್ಚು. ನೆಂಟರಲ್ಲದವರ ಮಕ್ಕಳಿಗೂ ಬರಬಹುದು.

ಔಷಧಿ ಇದೆಯೇ?

ಇದೆ. ಮೊದಲ ಔಷಧಿಗೆ 2016ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ನಮ್ಮಲ್ಲಿ ಎಸ್‌ಎಂಎನ್2 ಎಂಬ ಇನ್ನೊಂದು ಜೀನ್ ಇದೆ. ಅದು ಒಳ್ಳೆಯ ಪ್ರೋಟೀನನ್ನು ಸ್ವಲ್ಪವೇ ಮಾಡುತ್ತದೆ. ಔಷಧಿ ಅದರಿಂದ ಹೆಚ್ಚು ಮಾಡಿಸುತ್ತದೆ. ಸತ್ತ ನರಕೋಶ ಮತ್ತೆ ಹುಟ್ಟಲ್ಲ, ಆದ್ದರಿಂದ ಬೇಗ ಕೊಟ್ಟಷ್ಟೂ ಒಳ್ಳೆಯದು. ಆದರೆ ಬೆಲೆ ನಮ್ಮಂಥವರಿಗೆ ಎಟುಕಲ್ಲ.

ನನ್ನ ವಿನಂತಿ

ಗ್ರಹಣಕ್ಕೂ ಈ ರೋಗಕ್ಕೂ ಸಂಬಂಧವಿಲ್ಲ. ಬೀಜ ಯಾವ ಬದಿ ಬೀಳಬೇಕೆಂದು ಅಪ್ಪ ಅಮ್ಮ ಆರಿಸೋಕೆ ಆಗಲ್ಲ. ದಯವಿಟ್ಟು ಯಾರೂ ಚಿಕ್ಕಮ್ಮನನ್ನು ಅನ್ನಬೇಡಿ. ಬರುವ ಜೂನ್‌ನಲ್ಲಿ ತಮ್ಮ ನಮ್ಮ ಶಾಲೆಗೆ ಸೇರುತ್ತಾನೆ. ಶಾಲೆಗೆ ಮೂರು ಮೆಟ್ಟಿಲಿವೆ. ನಾನು ಆಗ ಹೈಸ್ಕೂಲಿಗೆ ಹೋಗಿರುತ್ತೇನೆ. ಅವನನ್ನು ಎತ್ತಿ ಹತ್ತಿಸೋಕೆ ಆರನೇ ತರಗತಿಯವರು ಯಾರು ಬರ್ತೀರಿ, ಹೆಸರು ಕೊಡಿ.

– 7ನೇ ತರಗತಿ ವಿದ್ಯಾರ್ಥಿನಿ