ಗಾಳಿಯ ಲೆಕ್ಕ ಪುಣೆಯಲ್ಲಿ, ತಗಡು ಹಾರುವುದು ಶಿಗ್ಗಾವಿಯಲ್ಲಿ!

ಏಪ್ರಿಲ್ ಮುಗಿದು ಮೇ ಬಂತೆಂದರೆ ಹಾವೇರಿ ಜಿಲ್ಲೆಯ ಅಂಗಡಿಕಾರರಿಗೆ ಒಂದು ಕಣ್ಣು ಗಲ್ಲಾದ ಮೇಲೆ, ಇನ್ನೊಂದು ಕಣ್ಣು ಮುಗಿಲಿನ ಮೇಲೆ. ಮಧ್ಯಾಹ್ನ ಮೂರರವರೆಗೆ ಕಾದ ಹಂಚಿನಂಥ ಬಿಸಿಲು. ನಾಲ್ಕಕ್ಕೆ ಮೋಡ ಕವಿಯುತ್ತದೆ. ಐದಕ್ಕೆ ಧೂಳೆಬ್ಬಿಸಿಕೊಂಡು ಗಾಳಿ ಬರುತ್ತದೆ. ಹತ್ತೇ ನಿಮಿಷ! ಅಷ್ಟರಲ್ಲಿ ಹಾನಗಲ್ಲಿನ ತೋಪುಗಳಲ್ಲಿ ಮಾವಿನಕಾಯಿ ನೆಲಕ್ಕೆ ಹಾಸಿರುತ್ತವೆ. ಸವಣೂರಿನ ಎಲೆಬಳ್ಳಿ ತೋಟ ಮಲಗಿರುತ್ತದೆ. ಶಿಗ್ಗಾವಿಯಲ್ಲಿ ತಗಡು ಹಾರಿರುತ್ತವೆ. ಹಿರೇಕೆರೂರಿನ ಬಸ್ಸು ರಸ್ತೆಗೆ ಬಿದ್ದ ಮರದ ಮುಂದೆ ನಿಂತಿರುತ್ತದೆ.

"ಮಳಿ ಬಂದ್ರ ಬರ್ಲಿ, ಈ ಸುಡುಗಾಡು ಗಾಳಿ ಯಾಕ ಬರ್ತೈತ್ರಿ?" ಎಂಬುದು ಬಸ್ ನಿಲ್ದಾಣದ ಕಟ್ಟೆಯ ಮೇಲಿನ ಮಾತು. ಪ್ರಶ್ನೆ ಸಣ್ಣದಲ್ಲ. ಇದಕ್ಕೆ ಉತ್ತರ ಹುಡುಕಲು ನೂರಾರು ಕೋಟಿ ರೂಪಾಯಿಯ ಕಂಪ್ಯೂಟರುಗಳು ಹಗಲಿರುಳು ದುಡಿಯುತ್ತಿವೆ.

ಗಾಳಿ ಮೇಲಿನಿಂದ ಬೀಳುತ್ತದೆ

ಅರಬ್ಬಿ ಸಮುದ್ರದ ಕಡೆಯಿಂದ ಹಸಿಗಾಳಿ ಘಟ್ಟ ಹತ್ತಿ ಬರುತ್ತದೆ. ಬಯಲಸೀಮೆಯ ನೆಲ ಕಾದಿರುತ್ತದೆ. ಬಿಸಿಗಾಳಿ ಮೇಲೇರಿ, ತಣಿದು ಮೋಡವಾಗುತ್ತದೆ. ಇಂಥ ಗುಡುಗುಮೋಡ ನೋಡನೋಡುತ್ತಿದ್ದಂತೆ ಹತ್ತು ಹನ್ನೆರಡು ಕಿಲೋಮೀಟರ್ ಎತ್ತರಕ್ಕೆ ಬೆಳೆದು ನಿಲ್ಲಬಲ್ಲದು.

ಆ ಮೋಡದಿಂದ ಬೀಳುವ ಹನಿಗಳು ಕೆಳಗಿನ ಒಣಗಾಳಿಯಲ್ಲಿ ಅರ್ಧ ದಾರಿಯಲ್ಲೇ ಆರುತ್ತವೆ. ಆರುವಾಗ ಸುತ್ತಲ ಗಾಳಿಯನ್ನು ತಣ್ಣಗೆ ಮಾಡುತ್ತವೆ. ತಣ್ಣಗಾದ ಗಾಳಿಗೆ ಭಾರ ಹೆಚ್ಚು. ಅದು ದಬಕ್ಕನೆ ಕೆಳಗೆ ಬೀಳುತ್ತದೆ. ಕೊಡದ ನೀರನ್ನು ಅಂಗಳಕ್ಕೆ ಸುರುವಿದರೆ ಸುತ್ತಲೂ ಚೆಲ್ಲುವುದಿಲ್ಲವೇ? ಹಾಗೆಯೇ ನೆಲಕ್ಕೆ ಬಡಿದ ಗಾಳಿ ಸುತ್ತ ನುಗ್ಗುತ್ತದೆ. ಮಳೆಗಿಂತ ಮೊದಲು ಗಾಳಿ ಬರುವ ಗುಟ್ಟು ಇದೇ.

ಈ ಗುಟ್ಟನ್ನು ಬಿಡಿಸಿದವರು ಅಮೆರಿಕದಲ್ಲಿ ನೆಲೆಸಿದ್ದ ಜಪಾನಿ ಮೂಲದ ವಿಜ್ಞಾನಿ ಫುಜಿತಾ. 1975ರ ಜೂನ್ 24ರಂದು ನ್ಯೂಯಾರ್ಕಿನಲ್ಲಿ ಇಳಿಯುತ್ತಿದ್ದ ವಿಮಾನ ಬಿದ್ದು ನೂರಕ್ಕೂ ಹೆಚ್ಚು ಜನ ಸತ್ತರು. ಅದರ ತನಿಖೆಯಲ್ಲಿ ಅವರು ಬೊಟ್ಟು ಮಾಡಿದ್ದು ಮೋಡದಿಂದ ಬೀಳುವ ಈ ಗಾಳಿಯನ್ನೇ.

ಆರು ತಾಸಿನ ಹವಾಮಾನಕ್ಕೆ ಆರು ವಾರದ ಲೆಕ್ಕ

ಗಾಳಿಯನ್ನು ಲೆಕ್ಕಕ್ಕೆ ಹಿಡಿಯುವ ಆಸೆ ಹಳೆಯದು. ಇಂಗ್ಲೆಂಡಿನ ರಿಚರ್ಡ್‌ಸನ್ ಎಂಬಾತ ಮೊದಲ ಮಹಾಯುದ್ಧದಲ್ಲಿ ಆಂಬ್ಯುಲೆನ್ಸ್ ಓಡಿಸುತ್ತಲೇ, ಬರೀ ಆರು ತಾಸಿನ ಹವಾಮಾನವನ್ನು ಕೈಲೆಕ್ಕದಲ್ಲಿ ತೆಗೆಯಲು ಹೋದ. ಹಿಡಿದದ್ದು ಸುಮಾರು ಆರು ವಾರ. ಅಷ್ಟಾದರೂ ಲೆಕ್ಕ ತಪ್ಪು! ಆದರೆ 1922ರಲ್ಲಿ ಅವನು ಅಚ್ಚು ಹಾಕಿಸಿದ ದಾರಿ ತಪ್ಪಿರಲಿಲ್ಲ. 1950ರಲ್ಲಿ ಅಮೆರಿಕದ ಎನಿಯಾಕ್ ಯಂತ್ರ ಒಂದು ದಿನದ ಮುನ್ಸೂಚನೆ ಹೇಳಲು ಒಂದು ದಿನವನ್ನೇ ತೆಗೆದುಕೊಂಡಿತು.

ಈಗ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯಲ್ಲಿ 'ಅರ್ಕ', ನೊಯ್ಡಾದಲ್ಲಿ 'ಅರುಣಿಕ' ಎಂಬ ಮಹಾಗಣಕಗಳಿವೆ. 2024ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾದವು. ಇವು ಭೂಮಿಯ ಮೇಲಿನ ಗಾಳಿಯನ್ನು ಚದುರಂಗದ ಮಣೆಯಂತೆ ಚೌಕ ಚೌಕ ಮಾಡುತ್ತವೆ. ಒಂದೊಂದು ಚೌಕಕ್ಕೂ ಶಾಖ, ತೇವ, ಒತ್ತಡ, ಗಾಳಿಯ ವೇಗ ತುಂಬಿ, ಮುಂದಿನ ಗಳಿಗೆಯಲ್ಲಿ ಏನಾದೀತೆಂದು ಲೆಕ್ಕ ಹಾಕುತ್ತಾ ಹೋಗುತ್ತವೆ.

ಬಲೆಯ ಕಣ್ಣು ದೊಡ್ಡದು

ತೊಡಕು ಇರುವುದು ಚೌಕದ ಅಳತೆಯಲ್ಲಿ. ಮೊದಲು ಹವಾಮಾನ ಇಲಾಖೆಯ ಜಾಗತಿಕ ಮಾದರಿಯ ಚೌಕ 12 ಕಿಲೋಮೀಟರ್ ಇತ್ತು. ಅಂದರೆ ಶಿಗ್ಗಾವಿ ಒಂದು ಮನೆ, ಸವಣೂರು ಹೆಚ್ಚುಕಡಿಮೆ ಪಕ್ಕದ ಮನೆ. 2025ರ ಮೇ ತಿಂಗಳಲ್ಲಿ ಬಂದ 'ಭಾರತ್ ಫೋರ್‌ಕಾಸ್ಟ್ ಸಿಸ್ಟಮ್' ಅದನ್ನು 6 ಕಿಲೋಮೀಟರಿಗೆ ಇಳಿಸಿದೆ. ಆದರೆ ಮೋಡದಿಂದ ಬೀಳುವ ಗಾಳಿಯ ಹೊಡೆತ ಎಷ್ಟೋ ಸಲ ನಾಲ್ಕು ಕಿಲೋಮೀಟರಿಗಿಂತ ಕಿರಿದು, ಕೆಲವೇ ನಿಮಿಷದ್ದು. ದೊಡ್ಡ ಕಣ್ಣಿನ ಬಲೆಯಲ್ಲಿ ಸಣ್ಣ ಮೀನು ನುಸುಳಿದಂತೆ ಅದು ನುಸುಳಿಬಿಡುತ್ತದೆ.

ಅದಕ್ಕಾಗಿ ಸಂಶೋಧಕರು ಒಂದು ಪ್ರದೇಶವನ್ನಷ್ಟೇ ಆರಿಸಿಕೊಂಡು, ಒಂದೋ ಮೂರೋ ಕಿಲೋಮೀಟರಿನ ಚೌಕ ಹಾಕಿ, ಆಗಿಹೋದ ಬಿರುಗಾಳಿಯನ್ನು ಯಂತ್ರದೊಳಗೆ ಮತ್ತೆ ಬೀಸಿಸುತ್ತಾರೆ. ಆ ದಿನ ಮುಂಜಾನೆಯ ಬಲೂನು, ಉಪಗ್ರಹದ ವರದಿ ತುಂಬಿ, ಬಂದ ಉತ್ತರವನ್ನು ರೇಡಾರ್ ಕಂಡದ್ದರ ಜೊತೆ ತಾಳೆ ನೋಡುತ್ತಾರೆ. ನೆಲದ ತೇವ ಹೆಚ್ಚಿಸಿದರೆ ಏನು? ಘಟ್ಟವನ್ನೇ ತಗ್ಗಿಸಿದರೆ ಏನು? ನಿಜವಾದ ಗುಡ್ಡ ಕಡಿಯದೆ ಯಂತ್ರದಲ್ಲಿ ಗುಡ್ಡ ಕಡಿದು ನೋಡುವ ಪರೀಕ್ಷೆ ಇದು.

ಇನ್ನೊಂದು ಉಪಾಯವುಂಟು. ಒಂದೇ ದಿನದ ಲೆಕ್ಕವನ್ನು ಸಣ್ಣಸಣ್ಣ ವ್ಯತ್ಯಾಸ ಮಾಡಿ 21 ಸಲ ಓಡಿಸುವುದು. 21ರಲ್ಲಿ 15 ಸಲ ಗಾಳಿ ಎದ್ದರೆ ಬರುವ ಸಂಭವ ಹೆಚ್ಚು. ಎರಡೇ ಸಲ ಎದ್ದರೆ ಕಡಿಮೆ. "ಸಂಭವವಿದೆ" ಎಂದು ರೇಡಿಯೋದವರು ಹೇಳಿದರೆ ನಾವು ನಗುತ್ತೇವೆ. ಆ ಒಂದು ಪದದ ಹಿಂದೆ ಇಷ್ಟು ಲೆಕ್ಕವಿದೆ.

ವೇಗ ಎರಡರಷ್ಟು, ಹೊಡೆತ ನಾಲ್ಕರಷ್ಟು

ಅಂಗಡಿಕಾರರು ಒಂದು ಲೆಕ್ಕ ನೆನಪಿಡಬೇಕು. ಗಾಳಿಯ ವೇಗ 30ರಿಂದ 60 ಕಿಲೋಮೀಟರಿಗೆ ಏರಿದರೆ ಅದು ತಗಡನ್ನು ನೂಕುವ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟು. 90ಕ್ಕೆ ಏರಿದರೆ ಒಂಬತ್ತು ಪಟ್ಟು. ತಗಡಿನ ಮೇಲೆ ನಾಲ್ಕು ಕಲ್ಲು ಹೇರಿ ಸುಮ್ಮನೆ ಕೂಡ್ರುವ ನಮ್ಮ ಪದ್ಧತಿ ಇಲ್ಲಿ ನಡೆಯದು. ಆ ಕಲ್ಲೇ ದಾರಿಹೋಕರ ತಲೆಯ ಮೇಲೆ ಬಿದ್ದೀತು.

2024ರ ಮೇ 13ರಂದು ಮುಂಬಯಿಯ ಘಾಟ್ಕೋಪರ್‌ನಲ್ಲಿ ಬಿರುಗಾಳಿಗೆ ದೈತ್ಯ ಜಾಹೀರಾತು ಫಲಕ ಪೆಟ್ರೋಲ್ ಬಂಕಿನ ಮೇಲೆ ಉರುಳಿ 17 ಜನ ಸತ್ತರು. ಗಾಳಿ ಬಂದದ್ದು ದೈವೇಚ್ಛೆ ಎನ್ನಬಹುದು. ಫಲಕ ನಿಲ್ಲಿಸಿದ್ದು ಮನುಷ್ಯರೇ.

ಸಂಬಂಧಪಟ್ಟವರು ಗಮನಿಸಲಿ

ಯಂತ್ರ ಎಷ್ಟೇ ದೊಡ್ಡದಿರಲಿ, "ಇಂಥ ಊರಿನ ಇಂಥ ಓಣಿಗೆ ಐದು ಗಂಟೆಗೆ" ಎಂದು ಮುಂಚಿನ ದಿನವೇ ಹೇಳಲಾರದು. ಆದರೆ ಗುಡುಗುಮೋಡ ಎದ್ದ ಮೇಲೆ ಮುಂದಿನ ಮೂರು ತಾಸಿನ ಎಚ್ಚರಿಕೆಯನ್ನು ಹವಾಮಾನ ಇಲಾಖೆ ಜಿಲ್ಲಾವಾರು ಕೊಡುತ್ತದೆ. ಹಳದಿ ಎಂದರೆ ಕಣ್ಣಿಡಿ, ಕಿತ್ತಳೆ ಎಂದರೆ ಸಜ್ಜಾಗಿ, ಕೆಂಪು ಎಂದರೆ ಕೂಡಲೇ ಕ್ರಮ ಕೈಗೊಳ್ಳಿ. ಸಿಡಿಲಿಗೆ 'ದಾಮಿನಿ' ಎಂಬ ಮೊಬೈಲ್ ಆ್ಯಪ್ ಇದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗೊಂದು ಮಳೆಮಾಪಕ, ಹೋಬಳಿಗೊಂದು ಹವಾಮಾನ ಘಟಕ ಕೂಡ್ರಿಸಿದೆ.

ಆದರೆ ಹಾವೇರಿ ಜಿಲ್ಲೆ ಎಂದರೆ ಎಂಟು ತಾಲೂಕು. ಹಾನಗಲ್ಲಿನಲ್ಲಿ ಬಿರುಗಾಳಿ ಎದ್ದಾಗ ಹಿರೇಕೆರೂರಿನಲ್ಲಿ ಎಲೆ ಅಲುಗದಿರಬಹುದು. ತಾಲೂಕುವಾರು ಮಾತು ಬೇಕು. ಅದು ಮೊಬೈಲ್ ನೋಡುವವರಿಗಷ್ಟೇ ತಲುಪಿದರೆ ಸಾಲದು. ಬಸ್ ನಿಲ್ದಾಣದಲ್ಲಿ ಹುಬ್ಬಳ್ಳಿ ಬಸ್ಸು ಹೊರಡುವುದನ್ನು ಕೂಗುವ ಮೈಕಿನಲ್ಲೇ "ಗಾಳಿ ಬರುವ ಸಂಭವವಿದೆ, ಮರದ ಬುಡ ಬಿಡಿ" ಎಂದು ಕೂಗಿದರೆ ಖರ್ಚೇನು? ಪುರಸಭೆಯ ಕಸದ ಗಾಡಿಗೂ ಧ್ವನಿವರ್ಧಕವಿದೆ. ಮೇ ತಿಂಗಳಿಗೆ ಮುನ್ನ ಒಣಟೊಂಗೆ ಕಡಿಸಿ, ಸಡಿಲ ಫಲಕ ಇಳಿಸಲು ಮಹಾಗಣಕ ಬೇಕಾಗಿಲ್ಲ.

ರೈತರಿಗೂ ಒಂದು ಮಾತು: ಫಸಲ್ ಬಿಮಾ ಕಟ್ಟಿದವರು, ಆಲಿಕಲ್ಲಿನಿಂದ ಬೆಳೆ ಕೆಟ್ಟರೆ 72 ತಾಸಿನೊಳಗೆ ತಿಳಿಸಬೇಕು. ತಡವಾದರೆ ಅರ್ಜಿ ಹಿಡಿದು ಅಲೆಯುವುದೇ ಬರುತ್ತದೆ.

ಸವಣೂರಿನ ದೊಡ್ಡಹುಣಸೆ ಮರಗಳನ್ನು ನೋಡದವರಾರು? ಶತಮಾನಗಳ ಆ ಮೂರರಲ್ಲಿ ಒಂದು 2023ರ ಜುಲೈನಲ್ಲಿ ಬುಡಸಮೇತ ಉರುಳಿತು. ಬಿದ್ದ ಮೇಲೆ ಕ್ರೇನು ಬಂತು, ಎತ್ತಿ ನಿಲ್ಲಿಸಿದರು. ಮರವನ್ನು ಹಾಗೆ ಎತ್ತಿ ನಿಲ್ಲಿಸಬಹುದು. ಅದರ ಅಡಿಯಲ್ಲಿ ಬಸ್ಸಿಗೆ ಕಾದು ನಿಂತ ಮನುಷ್ಯನನ್ನು ಎತ್ತಿ ನಿಲ್ಲಿಸಲಾದೀತೇ? ಲೆಕ್ಕ ಪುಣೆಯವರು ಮಾಡಿದ್ದಾರೆ. ಕೂಗುವ ಕೆಲಸ ನಮ್ಮವರದು.